ಕಾಲು ಸೆಕೆಂಡಿನಲ್ಲಿ ಇಳಿಯುವ ಪಟ್ಟಿ

ನಿನ್ನ ಬದುಕಿನ ದೊಡ್ಡ ಸಾಧನೆ ಯಾವುದಯ್ಯಾ ಎಂದು ಯಾರಾದರೂ ಕೇಳಿದರೆ (ಯಾರೂ ಕೇಳುವುದಿಲ್ಲ, ಆ ಭಯ ಬೇಡ) ನಾನು ಹೇಳಬೇಕಾದದ್ದು ಇಷ್ಟೇ: ಒಂದು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಇಳಿಸಿದೆ. ನಲವತ್ತಾರು ವರ್ಷ ಉಂಡು, ಉಟ್ಟು, ಓದಿ, ಮದುವೆಯಾಗಿ, ಕೊನೆಗೆ ಮಾಡಿದ ಘನಂದಾರಿ ಕೆಲಸ ಇದು.

ಕಂಪ್ಯೂಟರಿನಲ್ಲಿ ಏನಾದರೂ ತುಂಬಿಸುವಾಗ ನೀವೂ ನೋಡಿರುತ್ತೀರಿ. ಒಂದು ಉದ್ದನೆಯ ಖಾನೆ, ಅದರ ತುದಿಯಲ್ಲಿ ಕೆಳಮುಖವಾದ ಪುಟ್ಟ ಬಾಣ. ಅದನ್ನು ಒತ್ತಿದರೆ ಆಯ್ಕೆಗಳ ಪಟ್ಟಿಯೊಂದು ಕೆಳಗೆ ಬೀಳುತ್ತದೆ. ಡ್ರಾಪ್‌ಡೌನ್ ಎನ್ನುತ್ತಾರೆ. ಲೋಕದಲ್ಲಿ ಎಲ್ಲರ ಪಟ್ಟಿಯೂ ದೊಪ್ಪನೆ ಬೀಳುತ್ತದೆ. ನನ್ನದು ಬೀಳುತ್ತಿರಲಿಲ್ಲ, ಇಳಿಯುತ್ತಿತ್ತು. ಈ ವ್ಯತ್ಯಾಸವನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ವಿವರಿಸಿ, ಅವರು ಗಡಿಯಾರ ನೋಡಿಕೊಳ್ಳುವುದನ್ನೂ ಕಂಡಿದ್ದೇನೆ.

ನಮ್ಮದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ಕು ಮೇಜಿನ ಕಚೇರಿ. ಕ್ಲಿನಿಕ್‌ಗಳಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರ್ ಇರುತ್ತದಲ್ಲ, ಅಲ್ಲಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತೇವೆ. ಹಳೆಯದನ್ನು ಹೊಸದು ಮಾಡುವ ಕಾಲ ಬಂದಾಗ ನಮ್ಮ ಸಾಹೇಬರು, "ನೋಡಿದ ತಕ್ಷಣ ಆಹಾ ಅನ್ನಬೇಕು ಕಣ್ರೀ, ಅಂಥದ್ದೇನಾದ್ರೂ ಮಾಡಿ" ಎಂದರು. ಆಹಾ ಅನ್ನಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು.

ಮೂರು ವಾರ ನಾನು ಆ ಪಟ್ಟಿಯ ಹಿಂದೆ ಬಿದ್ದೆ. ಮೊದಲು ಒಂದು ಬಿಳಿ ಚೌಕ ಬರೆಯಬೇಕು, ಅದಕ್ಕೆ ಅಂಚು, ಅಂಚಿಗೆ ನೆರಳು, ಆಮೇಲೆ ಅಕ್ಷರ. ಪಟ್ಟಿ ಇಳಿಯುವಂತೆ ಕಾಣಬೇಕಾದರೆ ಇಡೀ ಚಿತ್ರವನ್ನು ಅಳಿಸಿ, ಎರಡು ಗೆರೆ ಉದ್ದ ಮಾಡಿ ಮತ್ತೆ ಬರೆಯಬೇಕು. ಮತ್ತೆ ಅಳಿಸಿ ಮತ್ತೆರಡು ಗೆರೆ. ಕಣ್ಣು ಮಿಟುಕಿಸುವುದರೊಳಗೆ ಹದಿನಾರು ಸಲ. ಮೊದಲ ವಾರ ಅದು ಕೆಟ್ಟ ಟ್ಯೂಬ್‌ಲೈಟಿನಂತೆ ಮಿಣುಕಿತು. ಒಳಗೆಲ್ಲೋ ಗುಟ್ಟಾಗಿ ಬರೆದಿಟ್ಟು ಪೂರ್ತಿಯಾದ ಮೇಲೆ ಪರದೆಗೆ ತರುವುದನ್ನು ಕಲಿತು ಮಿಣುಕು ನಿಲ್ಲಿಸಿದೆ. ಎರಡನೆಯ ವಾರ ಅದರ ನಡಿಗೆ ಸರಿಬರಲಿಲ್ಲ. ಶುರುವಿಗೆ ಚುರುಕಾಗಿ ಹೊರಟು ಕೊನೆಗೆ ಬರುಬರುತ್ತಾ ಮೆಲ್ಲಗಾಗಿ ನಿಲ್ಲಬೇಕು, ಹಿರಿಯರು ಕುರ್ಚಿಯಲ್ಲಿ ಕೂರುವ ಹಾಗೆ. ಅದನ್ನೂ ಸಾಧಿಸಿದೆ. ಮೂರನೆಯ ವಾರ ಅಲ್ಲಿ ಇಲ್ಲಿ ಉಳಿದಿದ್ದ ಸಣ್ಣಪುಟ್ಟ ಕುಣಿತಗಳನ್ನು ಅಡಗಿಸಿದೆ. ಮೇಲಿನಿಂದ ತಳಕ್ಕೆ ಕಾಲು ಸೆಕೆಂಡ್. ಊಟದ ಡಬ್ಬಿ ತೆರೆದಿಟ್ಟುಕೊಂಡು ಬಾಣ ಒತ್ತುವುದು, ಪಟ್ಟಿ ಇಳಿಯುವುದನ್ನು ನೋಡುವುದು, ಮತ್ತೆ ಒತ್ತುವುದು. ಊಟ ಆರಿ ತಣ್ಣಗಾಗುತ್ತಿತ್ತು.

"ಮನೇಲಿ ಕಿಟಕಿ ಪರದೆ ಬಿದ್ದು ನಾಲ್ಕು ತಿಂಗಳಾಯ್ತು, ಅದನ್ನ ಎತ್ತಿ ಕಟ್ಟೋಕೆ ಇವರಿಗೆ ಪುರುಸೊತ್ತಿಲ್ಲ. ಅಲ್ಲಿ ಕೂತು ಪಟ್ಟಿ ಇಳಿಸ್ತಾರಂತೆ, ಪಟ್ಟಿ!" ಎಂದಳು ಹೆಂಡತಿ. ನಾನು ಕಲೆಯ ಬಗ್ಗೆ ಏನೋ ಹೇಳಹೋದೆ. ಅವಳು ಕುಕ್ಕರಿನ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಸಾಹೇಬರು ಮಾತ್ರ ಆಹಾ ಎಂದರು. ಆವತ್ತಿನಿಂದ ಕಚೇರಿಯಲ್ಲಿ ನಾನು ಪಟ್ಟಿ ಸಾರ್. ಹೆಸರಿಟ್ಟದ್ದು ಗೇಲಿಗೆಂದು ಗೊತ್ತಿದ್ದೂ ಒಳಗೊಳಗೆ ಬೀಗಿದೆ.

ಹೊಸ ಸಾಫ್ಟ್‌ವೇರ್ ಮೊದಲು ಹೋದದ್ದು ನನ್ನ ಅಕ್ಕ ಕೆಲಸ ಮಾಡುವ ಕ್ಲಿನಿಕ್ಕಿಗೆ. "ನನ್ನ ತಮ್ಮ ಮಾಡಿದ್ದು, ಕಣ್ಣು ಮುಚ್ಚಿಕೊಂಡು ಹಾಕಿಸಿ" ಎಂದು ಅವಳೇ ಅಲ್ಲಿನ ಮ್ಯಾನೇಜರಿಗೆ ಹೇಳಿದ್ದಳು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾನು ನಡೆಯಲು ಕಲಿತದ್ದು ಅವಳ ಬೆರಳು ಹಿಡಿದು, ಟೈಪ್ ಮಾಡಲು ಕಲಿತದ್ದು ಅವಳ ಬೈಗುಳ ತಿಂದು. ಆ ಕಾಲದಲ್ಲಿ ಟೈಪಿಂಗ್ ಕ್ಲಾಸಿನಲ್ಲಿ ಕೀಗಳ ಮೇಲೆ ಬಟ್ಟೆ ಹೊದಿಸಿ ಕಲಿಸುತ್ತಿದ್ದರಂತೆ. ಹಾಗಾಗಿ ಅವಳ ಬೆರಳಿಗೇ ಕಣ್ಣು. ಇಪ್ಪತ್ತನಾಲ್ಕು ವರ್ಷದಿಂದ ಆ ಕ್ಲಿನಿಕ್ಕಿನ ಒಂದನೇ ನಂಬರ್ ಕೌಂಟರಿನಲ್ಲಿ ಕೂತು, ಬಂದವರ ಮುಖ ನೋಡುತ್ತ ಮಾತಾಡಿಸುತ್ತಿದ್ದಳು; ಕೆಳಗೆ ಕೈ ತನ್ನ ಪಾಡಿಗೆ ತಾನು ಹೆಸರು, ವಯಸ್ಸು, ವಿಭಾಗ ಎಲ್ಲವನ್ನೂ ಹೊಡೆದು ಮುಗಿಸುತ್ತಿತ್ತು. ಪರದೆ ನೋಡುವುದಿಲ್ಲ, ಮೌಸ್ ಮುಟ್ಟುವುದಿಲ್ಲ. ವಿಭಾಗಗಳ ಸಾಲು ಅವಳ ಬೆರಳಿಗೆ ಬಾಯಿಪಾಠ: ಕಣ್ಣು, ಕಿವಿ, ಚರ್ಮ, ಮೂಳೆ, ಹಲ್ಲು. ಖಾನೆಗೆ ಬಂದೊಡನೆ ಪಟ್ಟಿ ತಾನೇ ತೆರೆದು ಗುರುತು ಮೊದಲನೆಯ ಕಣ್ಣಿನ ಮೇಲೆ ನಿಲ್ಲುತ್ತದೆ; ಮೂಳೆ ಎಂದರೆ ಕೆಳಗಿನ ಬಾಣದ ಕೀ ಮೂರು ಸಲ, ಹಲ್ಲು ಎಂದರೆ ನಾಲ್ಕು ಸಲ, ಆಮೇಲೆ ಎಂಟರ್. ಚೀಟಿ ಹೊರಗೆ. ಒಮ್ಮೆ ನಾನು ಪರದೆ ಯಾಕೆ ನೋಡಲ್ಲ ಎಂದು ಕೇಳಿದ್ದಕ್ಕೆ, "ನೋವು ಅಂತ ಬಂದವರಿಗೆ ನನ್ನ ಮುಖ ಕಾಣ್ಬೇಕು ಕಣೋ, ನೆತ್ತಿ ಅಲ್ಲ" ಎಂದಿದ್ದಳು.

ಹೊಸ ಸಾಫ್ಟ್‌ವೇರ್ ಬಂದ ವಾರಕ್ಕೇ ಅವಳ ಕೌಂಟರಿನಿಂದ ತಪ್ಪು ಚೀಟಿಗಳು ಹೋಗತೊಡಗಿದವು. ಮೊಣಕಾಲು ಹಿಡಿದುಕೊಂಡು ಬಂದ ಅಜ್ಜಿ ಚರ್ಮದ ಡಾಕ್ಟರ ಬಾಗಿಲಲ್ಲಿ ಒಂದು ಗಂಟೆ ಕೂತು ವಾಪಸ್ ಬಂದರು. ಹಲ್ಲುನೋವಿನ ಲಾರಿ ಡ್ರೈವರ್ ಒಬ್ಬ ಮೂಳೆ ಡಾಕ್ಟರ ಹತ್ತಿರ ಹೋಗಿ, "ಯಾವ ಕೀಲು?" ಎಂದು ಕೇಳಿದ್ದಕ್ಕೆ ಊದಿದ ಕೆನ್ನೆ ತೋರಿಸಿ, ಅಲ್ಲಿಂದ ಬೈದುಕೊಂಡು ಬಂದು ಅಕ್ಕನ ಮುಂದೆ ಚೀಟಿ ಎಸೆದ.

"ಪುಟ್ಟಾ, ಇವತ್ತು ಮತ್ತೆ ನಾಲ್ಕು ಜನರನ್ನ ತಪ್ಪು ಕಡೆ ಕಳಿಸ್ಬಿಟ್ಟೆ ಕಣೋ" ಎಂದು ಫೋನಿನಲ್ಲಿ ಹೇಳಿದಳು ಅಕ್ಕ. ನಲವತ್ತಾರಕ್ಕೂ ನಾನು ಅವಳಿಗೆ ಪುಟ್ಟನೇ.

"ಆಗತ್ತೆ ಬಿಡಕ್ಕ. ವಯಸ್ಸಾಯ್ತಲ್ಲ, ಸ್ವಲ್ಪ ನೋಡ್ಕೊಂಡು ಮಾಡು" ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಮುಂದುವರಿಸಿ ಕೇಳಿದೆ: "ಅದಿರ್ಲಿ, ಪಟ್ಟಿ ಚೆನ್ನಾಗಿ ಇಳಿಯುತ್ತಾ?"

"ನಿನ್ನ ಪಟ್ಟಿ ಚೆನ್ನಾಗೇ ಇದೆಯಪ್ಪ" ಎಂದಳು. "ನನ್ನ ತಲೆನೇ ಸರಿಯಿಲ್ಲ."

ಅವಳು ಅದನ್ನು ತಮಾಷೆಗೆ ಹೇಳುತ್ತಿರಲಿಲ್ಲ. ನಮ್ಮ ಅಮ್ಮನಿಗೆ ಅರವತ್ತರ ಹೊತ್ತಿಗೆ ಮರೆವು ಶುರುವಾಗಿತ್ತು. ಮೊದಲು ಬೀಗದ ಕೈ, ಆಮೇಲೆ ಬೀದಿ, ಆಮೇಲೆ ನಾವು. ಎಂಟು ವರ್ಷ ಅಮ್ಮನನ್ನು ನೋಡಿಕೊಂಡವಳು ಅಕ್ಕ. ನಾನು ಭಾನುವಾರ ಹೋಗಿ ಹಣ್ಣು ಕೊಟ್ಟು ಬರುತ್ತಿದ್ದ ಮಗ. ಅಕ್ಕನಿಗೆ ಈಗ ಐವತ್ತೇಳು.

ತಿಂಗಳಾದ ಮೇಲೆ ಕ್ಲಿನಿಕ್ಕಿನ ಮ್ಯಾನೇಜರ್ ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಮೇಜಿನ ಮೇಲೆ ನಲವತ್ತೊಂದು ತಪ್ಪು ಚೀಟಿಗಳನ್ನು ಪಿನ್ ಹಾಕಿ ಇಟ್ಟಿದ್ದರು.

"ನಿಮ್ಮ ಸಾಫ್ಟ್‌ವೇರ್ ಬಂದ ಮೇಲೆ ಶುರುವಾಗಿದ್ದು. ಅದರಲ್ಲೇನಾದ್ರೂ ತೊಂದರೆ ಇದೆಯಾ ನೋಡಿ ಹೇಳಿ" ಎಂದರು.

ನನಗೆ ರೇಗಿತು. ನನ್ನ ಪಟ್ಟಿಯ ಮೇಲೆ ಅನುಮಾನವೇ! ಕಚೇರಿಗೆ ಹೋಗಿ ನನ್ನ ಹೊಸ ಕಂಪ್ಯೂಟರಿನ ಮುಂದೆ ಕೂತು ಮೌಸಿನಿಂದ ಇನ್ನೂರು ಸಲ ಪಟ್ಟಿ ಇಳಿಸಿ ಇನ್ನೂರು ಸಲ ಆರಿಸಿದೆ. ಒಂದಾದರೂ ತಪ್ಪಬೇಕಲ್ಲ? ತಪ್ಪಲಿಲ್ಲ. ಮಾರನೇ ದಿನ ಹೋಗಿ ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದೆ: "ಸಾರ್, ಸಾಫ್ಟ್‌ವೇರ್‌ನಲ್ಲಿ ಒಂದೇ ಒಂದು ತಪ್ಪಿಲ್ಲ. ಹೊಸ ಪರದೆಗೆ ಒಗ್ಗಿಕೊಳ್ಳೋಕೆ ವಯಸ್ಸಾದವರಿಗೆ ಟೈಮ್ ಬೇಕಾಗತ್ತೆ, ಅಷ್ಟೇ."

"ಹೌದು ಬಿಡಿ, ಪಕ್ಕದ ಕೌಂಟರಿನವರಿಗೆ ಒಂದೂ ತಪ್ಪಾಗಿಲ್ಲ" ಎಂದು ಮ್ಯಾನೇಜರ್ ನಿಟ್ಟುಸಿರು ಬಿಟ್ಟರು. ಪಕ್ಕದ ಕೌಂಟರಿನವರು ಮೌಸ್ ಹಿಡಿಯುತ್ತಾರೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನ್ನಂಥ ಬೃಹಸ್ಪತಿಗೂ ಹೊಳೆಯಲಿಲ್ಲ. ಮ್ಯಾನೇಜರ್ ಒಂದು ದಿನ ಬೆಳಿಗ್ಗೆ ಅಕ್ಕನ ಹಿಂದೆ ನಿಂತು ನೋಡಿದರಂತೆ. ಹಿಂದೆ ಯಾರೋ ನಿಂತಿದ್ದಾರೆಂದು ಅವಳು ಒಂದೊಂದೇ ಕೀ ಎಣಿಸಿ ಒತ್ತಿದಳು. ಎಲ್ಲ ಸರಿಯಾಗಿ ಬಂತು. ಅವರು ಅತ್ತ ಹೋಗಿ, ಇತ್ತ ಸಾಲು ಬೆಳೆದು, ಕೈ ಹಳೆಯ ಓಟಕ್ಕೆ ಬಿದ್ದದ್ದೇ ತಡ, ಮತ್ತೆ ತಪ್ಪು. ಗಡಿಬಿಡಿಯಾದಾಗ ತಲೆ ಕೈಕೊಡುತ್ತದೆ ಎಂದು ಎಲ್ಲರೂ ತೀರ್ಮಾನಿಸಿದರು. ಎಲ್ಲರಿಗಿಂತ ಮೊದಲು ತೀರ್ಮಾನಿಸಿದವಳು ಅಕ್ಕ.

ಮುಂದಿನ ತಿಂಗಳಿನಿಂದ ಅವಳನ್ನು ನೆಲಮಾಳಿಗೆಯ ಫೈಲ್ ಕೋಣೆಗೆ ಹಾಕುವುದೆಂದಾಯಿತು. "ಅಲ್ಲಿ ಜನರ ತಂಟೆ ಇರಲ್ಲಮ್ಮ, ಆರಾಮಾಗಿರಬಹುದು" ಎಂದರಂತೆ ಮ್ಯಾನೇಜರ್. ಜನರ ತಂಟೆಯೇ ಬೇಕು ಎಂದು ಇಪ್ಪತ್ತನಾಲ್ಕು ವರ್ಷ ಕೂತವಳು ಅವಳು. ಆದರೂ ಹೂಂ ಎಂದು ಬಂದಳು.

ನಾನು ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ನೀರು ಕುಡಿಯಲು ಲೋಟ ತೆಗೆಯುವಾಗ ಕಪಾಟಿನ ಒಳಬಾಗಿಲ ಮೇಲೆ ಅಂಟಿಸಿದ ಚೀಟಿಗಳು ಕಂಡವು. ಗ್ಯಾಸ್ ಆರಿಸು. ಹಿಂಬಾಗಿಲ ಚಿಲಕ. ಯಜಮಾನರ ಮಾತ್ರೆ, ಬೆಳಿಗ್ಗೆ ಎರಡು. ಕೆಳಗೆ ನನ್ನ ಫೋನ್ ನಂಬರು, ಅದರ ಮುಂದೆ ಅವಳ ದುಂಡನೆಯ ಅಕ್ಷರದಲ್ಲಿ: ಪುಟ್ಟ, ನನ್ನ ತಮ್ಮ. ಕಪಾಟು ಮುಚ್ಚಿ, ನೀರು ಕುಡಿಯದೆ ಬಂದು ಕೂತೆ.

"ಡಾಕ್ಟರಿಗೆ ತೋರಿಸೋಣ ಅಕ್ಕ" ಎಂದೆ. ನೋಡಿ, ಎಂಥ ತಮ್ಮ! ಅವಳನ್ನು ತೋರಿಸಲು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಪಟ್ಟಿಯನ್ನು ಯಾರಿಗಾದರೂ ತೋರಿಸಿ ಪರೀಕ್ಷಿಸಬೇಕೆಂದು ಮಾತ್ರ ಅನ್ನಿಸಲಿಲ್ಲ.

ನೆನಪಿನ ಡಾಕ್ಟರ್ ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು, ಮೂರು ಪದ ಹೇಳಿ ಐದು ನಿಮಿಷದ ನಂತರ ಕೇಳಿದರು. ಅಕ್ಕ ಮೂರನ್ನೂ ಹೇಳಿ, "ಆಮೇಲೆ ನೀವು ಪೆನ್ನು ಬದಲಾಯಿಸಿದ್ರಿ, ಮೊದಲಿದ್ದದ್ದು ನೀಲಿ" ಎಂದಳು. ಡಾಕ್ಟರ್ ನಕ್ಕು ನನ್ನ ಕಡೆ ತಿರುಗಿ, "ನಿಮಗೆ ನೆನಪಿದೆಯಾ ಮೂರು ಪದ?" ಎಂದರು. ನನಗೆ ಎರಡು ಬಂದವು, ಅದರಲ್ಲೊಂದು ತಪ್ಪು.

"ಇವರಿಗೆ ಏನೂ ಆಗಿಲ್ಲ" ಎಂದರು ಡಾಕ್ಟರ್. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಕ್ಕ, "ಅಮ್ಮನ್ನ ಮೊದಲನೇ ಸಲ ಕರ್ಕೊಂಡು ಬಂದಾಗ್ಲೂ ಹೀಗೇ ಅಂದ್ರು" ಎಂದಳು. ನಾನು ಬಸ್ಸು ತಡವಾಯಿತು ಎಂದು ಬೈದೆ.

ಕೌಂಟರಿನಲ್ಲಿ ಅವಳ ಕೊನೆಯ ದಿನ ಬಂತು. ಇಪ್ಪತ್ತನಾಲ್ಕು ವರ್ಷದ ಸಾಮಾನು ಕೆಳಗೆ ಸಾಗಿಸಬೇಕಲ್ಲ, ನಾನು ಅರ್ಧ ದಿನ ರಜೆ ಹಾಕಿ ಹೋದೆ. ಸೋಮವಾರದ ಬೆಳಗ್ಗೆ, ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿದಿತ್ತು. ನುಗ್ಗಲು ಜಾಗವಿಲ್ಲದೆ ನಾನು ಕೌಂಟರಿನ ಒಳಗೇ ಹೋಗಿ, ಅವಳ ಹಿಂದೆ ಪೇಪರಿನ ಪೆಟ್ಟಿಗೆಯ ಮೇಲೆ ಕೂತೆ. ಗದ್ದಲದಲ್ಲಿ ಅವಳು ನನ್ನನ್ನು ಗಮನಿಸಲಿಲ್ಲ.

ಒಬ್ಬ ಬಡಗಿ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ. "ಅಯ್ಯೋ, ಸುತ್ತಿಗೆ ಬಿತ್ತಾ? ಮುರಿದಿದೆ ಅನ್ಸತ್ತಾ? ಕೂತ್ಕೊಳ್ಳಿ, ಕೂತ್ಕೊಂಡೇ ಹೇಳಿ" ಎನ್ನುತ್ತಿದ್ದಳು ಅಕ್ಕ. ಅವಳ ಕಣ್ಣು ಆತನ ಮುಖದ ಮೇಲಿತ್ತು. ಕೆಳಗೆ ಬೆರಳು ಓಡುತ್ತಿತ್ತು. ಹೆಸರಾಯಿತು, ವಯಸ್ಸಾಯಿತು. ವಿಭಾಗದ ಖಾನೆಗೆ ಬಂತು. ಟಕ್ ಟಕ್ ಟಕ್, ಕೊನೆಗೆ ಎಂಟರಿನ ಟಪ್. ನಾನು ಅಭ್ಯಾಸಬಲದಿಂದ ನನ್ನ ಪಟ್ಟಿ ನೋಡಲು ಮೊದಲೇ ಪರದೆಯ ಕಡೆ ಕತ್ತು ಚಾಚಿದ್ದೆ.

ಅವಳ ಬೆರಳು ಅರ್ಧ ದಾರಿಗೆ ಬಂದಾಗಲೂ ನನ್ನ ಪಟ್ಟಿ ಇನ್ನೂ ಇಳಿಯುತ್ತಿತ್ತು.

ಆ ಹಳೆಯ ಕಂಪ್ಯೂಟರಿನಲ್ಲಿ ಅದು ಕಾಲು ಸೆಕೆಂಡೂ ಅಲ್ಲ, ಅರ್ಧದ ಹತ್ತಿರ. ಚುರುಕಾಗಿ ಹೊರಟು, ಬರುಬರುತ್ತಾ ಮೆಲ್ಲಗಾಗಿ, ಹಿರಿಯರು ಕೂರುವ ಹಾಗೆ ಕೂರುತ್ತಿತ್ತು. ಆಗ ನನಗೆ ಆ ಮೂರನೆಯ ವಾರ ನೆನಪಾಯಿತು. ಪಟ್ಟಿ ಇಳಿಯುತ್ತಿರುವಾಗ ಯಾರಾದರೂ ಕೀ ಒತ್ತಿದರೆ ಅದರ ಮೇಲಿನ ನೀಲಿ ಗುರುತು ಕುಣಿಯುತ್ತಿತ್ತು, ನೋಡಲು ಅಸಹ್ಯ. ಅದಕ್ಕೆ ನಾನೇ, ಈ ಕೈಯಲ್ಲೇ, ಒಂದು ಸಾಲು ಬರೆದಿದ್ದೆ: ಪಟ್ಟಿ ಪೂರ್ತಿ ಇಳಿಯುವ ತನಕ ಒತ್ತಿದ ಕೀಗಳನ್ನೆಲ್ಲ ಎಸೆದುಬಿಡು. ಅಷ್ಟು ಆತುರ ಯಾರಿಗಿರುತ್ತದೆ ಎಂದುಕೊಂಡು ಕಾಫಿ ಕುಡಿಯಲು ಹೋಗಿದ್ದೆ.

ಅಕ್ಕ ಮೂರು ಸಲ ಒತ್ತಿದ್ದಳು. ಪಟ್ಟಿ ಒಂದನ್ನು ನುಂಗಿ ಎರಡನ್ನು ಲೆಕ್ಕಕ್ಕೆ ಹಿಡಿದಿತ್ತು. ಬಡಗಿಯ ಕೈಗೆ ಬಂದ ಚೀಟಿಯಲ್ಲಿ ಚರ್ಮ ಎಂದಿತ್ತು.

"ಅಕ್ಕಾ, ಕೈ ತೆಗಿ! ಕೈ ತೆಗಿ ಅಲ್ಲಿಂದ!" ಎಂದು ಕೂಗಿದೆ. ಅವಳು ಬೆಚ್ಚಿ ತಿರುಗಿದಳು. ಸಾಲಿನಲ್ಲಿದ್ದವರು, "ಏನ್ರೀ, ಯಾರ್ರೀ ಇವರು, ಲೈನಲ್ಲಿ ಬನ್ನಿ!" ಎಂದು ಗದರಿದರು. ನಾನು ಬಡಗಿಯ ಕೈಯಿಂದ ಚೀಟಿ ಕಿತ್ತುಕೊಂಡೆ. ಪಾಪ, ಅವನು ನೋವಿರುವ ಕೈಯನ್ನೇ ಚಾಚಿದ್ದ.

"ಅಕ್ಕ, ಮೂಳೆ ಅಂತ ಇನ್ನೊಂದ್ಸಲ ಹೊಡಿ. ನಿಧಾನಕ್ಕೆ."

ಹೊಡೆದಳು. ಮೂಳೆ.

"ಈಗ ಜೋರಾಗಿ. ನಿನ್ನ ಓಟದಲ್ಲಿ."

ಚರ್ಮ.

"ನೋಡು, ನೋಡು, ನಾನು ಹೇಳ್ಲಿಲ್ವಾ..." ಎಂದಳು. ಅವಳಿಗೆ ಅದು ತನ್ನ ತಲೆ ಕೆಟ್ಟಿದ್ದಕ್ಕೆ ಇನ್ನೊಂದು ಸಾಕ್ಷಿಯಾಗಿ ಕಂಡಿತ್ತು.

ಬಾಯಲ್ಲಿ ಹೇಳಿದರೆ ಅವಳು ನಂಬುತ್ತಿರಲಿಲ್ಲ. ತಮ್ಮ ಸಮಾಧಾನಕ್ಕೆ ಹೇಳುತ್ತಾನೆ ಎಂದುಕೊಳ್ಳುತ್ತಿದ್ದಳು. ಬಡಗಿಗೆ ಸರಿಯಾದ ಚೀಟಿ ಕೊಡಿಸಿ, ಮೂರು ಬೀದಿ ಓಡಿ, ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿ ನನ್ನ ಮೇಜಿಗೆ ಬಂದು ಬಿದ್ದೆ. ಏದುಸಿರು ಬಿಡುತ್ತ ಮೂರು ವಾರದ ಕೆಲಸವನ್ನು ಅಳಿಸತೊಡಗಿದೆ.

"ರೀ ಪಟ್ಟಿ ಸಾರ್, ಏನ್ ಮಾಡ್ತಿದೀರಿ? ಅದನ್ನ ತೋರಿಸಿಯೇ ಇನ್ನೆರಡು ಕ್ಲಿನಿಕ್ ಹಿಡಿದಿದೀನಿ ನಾನು!" ಎಂದು ಸಾಹೇಬರು ಹೌಹಾರಿದರು.

"ಆ ಎರಡು ಕ್ಲಿನಿಕ್ಕಿನಲ್ಲೂ ಯಾರಾದ್ರೂ ಅಕ್ಕ ಕೂತಿರ್ತಾಳೆ ಸಾರ್" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿಂತು ಬಿಡಿಸಿ ಹೇಳಲು ನನಗೂ ವ್ಯವಧಾನವಿರಲಿಲ್ಲ. ಕಟ್ಟಲು ಮೂರು ವಾರ ಹಿಡಿದದ್ದನ್ನು ಕೆಡವಲು ಹತ್ತು ನಿಮಿಷ ಸಾಕಾಯಿತು. ಈಗ ಅದು ಎಲ್ಲರ ಪಟ್ಟಿಯಂತೆ ದೊಪ್ಪನೆ ಬೀಳುತ್ತಿತ್ತು.

ಊಟದ ಬಿಡುವಿಗೆ ಕೌಂಟರ್ ಮುಚ್ಚಿದಾಗ ಹೊಸದನ್ನು ಹಾಕಿದೆ. ಮ್ಯಾನೇಜರನ್ನು ಕರೆದೆ. ಡಬ್ಬಿ ಹಿಡಿದುಕೊಂಡೇ ಬಂದರು.

"ಸಾರ್, ಸಾಫ್ಟ್‌ವೇರ್‌ನಲ್ಲಿ ತಪ್ಪಿತ್ತು. ತಪ್ಪು ನಂದು. ಅಕ್ಕಂದಲ್ಲ."

"ಹೋದ ತಿಂಗಳು ನೀವೇ ಅಲ್ವಾ ಬಂದು ಒಂದೇ ಒಂದು ತಪ್ಪಿಲ್ಲ ಅಂದಿದ್ದು?"

"ಹೂಂ ಸಾರ್. ನಾನೇ."

ಅವರು ನನ್ನ ಮುಖವನ್ನೇ ನೋಡಿದರು. ನೆಲ ನೋಡುತ್ತ ಅಕ್ಕನಿಗೆ ಹೇಳಿದೆ: "ಹೊಡಿ ಅಕ್ಕ. ಹಲ್ಲು. ಎಷ್ಟು ಜೋರಾಗಿ ಬೇಕಾದ್ರೂ."

ಹೊಡೆದಳು. ಚೀಟಿ ಬಂತು. ಹಲ್ಲು. ಮತ್ತೆ ಹೊಡೆದಳು. ಮೂಳೆ, ಕಿವಿ, ಹಲ್ಲು, ಚರ್ಮ, ಮೂಳೆ. ಗೋಡೆ ನೋಡುತ್ತ ಹೊಡೆದಳು, ಕಣ್ಣು ಮುಚ್ಚಿ ಹೊಡೆದಳು. ಚೀಟಿಗಳು ಮೇಜಿನಿಂದ ಕೆಳಗೆ ಬಿದ್ದವು. ಮ್ಯಾನೇಜರ್ ಬಗ್ಗಿ ಒಂದೊಂದನ್ನೇ ಎತ್ತಿ ಓದಿದರು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ. "ಸಾಮಾನು ಕೆಳಗೆ ಒಯ್ಯಬೇಡಿಮ್ಮ" ಎಂದಷ್ಟೇ ಹೇಳಿ, ಡಬ್ಬಿಯೊಂದಿಗೆ ಹೊರಟುಹೋದರು.

ಅಕ್ಕ ಕೈಯನ್ನು ಕೀಬೋರ್ಡಿನ ಮೇಲಿಂದ ತೆಗೆಯಲಿಲ್ಲ.

"ಹಾಗಾದ್ರೆ ಅಮ್ಮನ ಥರ ಅಲ್ಲ" ಎಂದಳು.

"ಅಲ್ಲ ಅಕ್ಕ."

"ಸರಿಯಾಗಿ ಹೇಳು."

"ಅಮ್ಮನ ಥರ ಅಲ್ಲ. ನಿನ್ನ ತಲೆಗೆ ಏನೂ ಆಗಿಲ್ಲ. ನನ್ನ ಪಟ್ಟಿ ನೀನು ಒತ್ತಿದ್ದನ್ನ ನುಂಗ್ತಿತ್ತು. ಚೆಂದ ಕಾಣ್ಲಿ ಅಂತ ನಾನೇ ಹಾಗೆ ಮಾಡಿದ್ದೆ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಮ್ಮ ಹೋದ ದಿನವೂ ಬಂದವರಿಗೆ ಕುರ್ಚಿ ಹಾಕುತ್ತ ಓಡಾಡಿದ್ದವಳು, ಈಗ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಭುಜ ಅಲುಗುವ ಹಾಗೆ ಅತ್ತಳು. ನಾನು ಬೆಪ್ಪನಂತೆ ಪಕ್ಕದಲ್ಲಿ ನಿಂತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಹೇಳಿದಳು: "ಎರಡು ತಿಂಗಳು ಕಣೋ ಪುಟ್ಟಾ. ದಿನಾ ಬೆಳಿಗ್ಗೆ ಎದ್ದು, ಇವತ್ತು ಯಾರನ್ನ ಮರೀತೀನೋ ಅಂತ ಒಬ್ಬೊಬ್ಬರ ಹೆಸರೂ ಹೇಳ್ಕೊಂಡೇ ಹಾಸಿಗೆಯಿಂದ ಇಳೀತಿದ್ದೆ. ಒಂದು ದಿನ, ಒಂದೇ ಒಂದು ದಿನ ಬಂದು ನನ್ನ ಪಕ್ಕ ಕೂತು ನೋಡ್ಬಾರ್ದಿತ್ತಾ?"

ಮೌಸಿನಿಂದ ಇನ್ನೂರು ಸಲ ನೋಡಿದ್ದೆ, ಮ್ಯಾನೇಜರ ಹತ್ತಿರ ಮಾತಾಡಿದ್ದೆ, ಡಾಕ್ಟರಿಗೆ ತೋರಿಸಿದ್ದೆ. ಅವಳ ಪಕ್ಕ ಕೂತಿರಲಿಲ್ಲ. ತಪ್ಪಾಯ್ತಕ್ಕ ಎಂದೆ; ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು.

ಎರಡು ಗಂಟೆಗೆ ಕೌಂಟರ್ ತೆರೆಯಿತು. ಕಿವಿಗೆ ಹತ್ತಿ ಇಟ್ಟುಕೊಂಡ ಹೆಂಗಸೊಬ್ಬರು ಮುಂದೆ ಬಂದರು. ಅಕ್ಕ ಕೆಂಪಗಾದ ಕಣ್ಣಿನಲ್ಲೇ ಅವರ ಮುಖ ನೋಡಿ, "ಹೇಳಿಮ್ಮ, ಎಷ್ಟು ದಿನದಿಂದ ನೋವು?" ಎಂದಳು. ಕೆಳಗೆ ಬೆರಳು ಓಡಿತು. ಚೀಟಿ ಹರಿದು ಅವರ ಕೈಗಿಟ್ಟಳು. ನಾನು ಪೇಪರಿನ ಪೆಟ್ಟಿಗೆಯನ್ನು ಎಳೆದುಕೊಂಡು ಅವಳ ಪಕ್ಕ ಕೂತೆ.

"ನಿನಗೆ ಅರ್ಧ ದಿನ ತಾನೇ ರಜೆ? ಹೋಗು" ಎಂದಳು, ಮುಂದಿನವರನ್ನು ನೋಡುತ್ತಲೇ.

ನಾನು ಏಳಲಿಲ್ಲ. ಅವಳು ಇನ್ನೊಮ್ಮೆ ಹೋಗು ಎನ್ನಲಿಲ್ಲ. ಸಂಜೆ ಕೌಂಟರ್ ಮುಚ್ಚುವ ತನಕ ಅಲ್ಲೇ ಕೂತು, ಪರದೆಯ ಕಡೆ ತಿರುಗದೆ, ಅವಳ ಕೈಯನ್ನೇ ನೋಡುತ್ತಿದ್ದೆ.